ಬೆನ್ನಿಲ್ಲದ ನೀಲಿ ಅಂಗಿ

ಅಪ್ಪಾ,

ಇವತ್ತು ಪಕ್ಕದಲ್ಲಿ ಗುರುಗಳಿಲ್ಲದೆ ನಾನೊಬ್ಬಳೇ ವಿಮಾನ ಹಾರಿಸಿ ಇಳಿಸಿದೆ! ನಮ್ಮ ದೇಶದಲ್ಲಿ ಕೇಳಿದ್ದ ಫೀಸಿನ ಅರ್ಧಕ್ಕೇ ಕಲಿಸುವ ಶಾಲೆಯಲ್ಲವೇ, ವಿಮಾನವನ್ನು ಶೆಡ್ಡಿನಿಂದ ನಾವೇ ತಳ್ಳಿ ತರಬೇಕು, ನಾವೇ ತೊಳೆಯಬೇಕು. ಇರಲಿ.

ಕೆಳಗಿಳಿದ ಕೂಡಲೇ ಗುರುಗಳು ಕತ್ತರಿ ಹಿಡಿದು ಬಂದು ನನ್ನ ಅಂಗಿಯ ಬೆನ್ನನ್ನು ಚೌಕವಾಗಿ ಕತ್ತರಿಸಿಬಿಟ್ಟರು. ನೀನು ಹೊಲಿದುಕೊಟ್ಟ ನೀಲಿ ಅಂಗಿ! "ಅಯ್ಯೋ ಸರ್, ನಮ್ಮಪ್ಪ ಹೊಲಿದಿದ್ದು!" ಎಂದು ಕೂಗಿಕೊಂಡೆ. ಮೊದಲ ಸಲ ಒಬ್ಬರೇ ಹಾರಿದವರಿಗೆಲ್ಲ ಹೀಗೇ ಮಾಡುತ್ತಾರಂತೆ. "ಹಿಂದಿನ ಕಾಲದಲ್ಲಿ ಗುರು ಹಿಂದಿನ ಸೀಟಲ್ಲಿ ಕೂತು, ಅಂಗಿ ಜಗ್ಗಿ ತಿದ್ದುತ್ತಿದ್ದ ಕಣಮ್ಮ. ನಿನ್ನನ್ನ ಜಗ್ಗೋರು ಇನ್ನು ಬೇಕಾಗಿಲ್ಲ," ಎಂದು ನಕ್ಕರು. ಆ ತುಂಡು ಈಗ ತಾರೀಖಿನ ಸಮೇತ ಶಾಲೆಯ ಗೋಡೆಯ ಮೇಲಿದೆ.

ಕೆಮ್ಮು ವಾಸಿಯಾಯಿತು, ಊಟ ಸೇರುತ್ತಿದೆ. ಕಾರ್ಡು ತುಂಬುತ್ತಾ ಬಂತು, ಒಂದೇ ಮಾತು. ಅದೇ ನೀಲಿ ಬಟ್ಟೆ ಮಿಕ್ಕಿದ್ದರೆ ಎತ್ತಿಡು. ಹೊಲಿದು ಅಂಚೆಯಲ್ಲಿ ಕಳಿಸಬೇಡ, ನಾನು ಬಂದ ಮೇಲೆ ಹೊಲಿ. ಹೊಸ ಅಂಗಿ ಹಾಕಿಸಿ, ಹಿಂದಿನಿಂದ ಅಂಚು ಜಗ್ಗಿ "ನೆಟ್ಟಗೆ ನಿಲ್ಲೇ" ಅನ್ನುತ್ತೀಯಲ್ಲ, ನನಗೆ ಅದು ಬೇಕು.

ನಿನ್ನ ಮಗಳು