ಬೇಲಿಯ ಹೊರಗಿನ ಐದು ಕೋಣೆಗಳು

ಅಕ್ಟೋಬರ್ ೧೪, ಶನಿವಾರ ಮಧ್ಯಾಹ್ನ
ಕ್ಯಾಂಪಿನ ಬಟ್ಟೆ ಒಗೆಯುವ ಕೋಣೆ

ನನ್ನ ಪುಟ್ಟಿಗೆ,

ಅಮ್ಮನ ಮುತ್ತುಗಳು. ನಿನ್ನ ಮೂರು ಕಾಗದಗಳೂ ಬಂದಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಬೈಕೋ. ಪುರುಸೊತ್ತಿರಲಿಲ್ಲ ಅಂತ ಬರೆದರೆ ಅರ್ಧ ಸುಳ್ಳಾಗುತ್ತದೆ. ಪೆನ್ನು ಹಿಡಿದರೆ ಏನೇನು ಹೊರಗೆ ಬೀಳುತ್ತದೋ ಎಂಬ ಹೆದರಿಕೆಯಿತ್ತು. ನರ್ಸಿಂಗ್ ಪರೀಕ್ಷೆ ಚೆನ್ನಾಗಿ ಬರೆದೆಯೆಂದು ತಿಳಿದು ಹೊಟ್ಟೆ ತುಂಬಿತು. ನಿನ್ನೆ ನಿನ್ನ ಮಾವನಿಗೂ ಓದಿ ಹೇಳಿದೆ. "ಇನ್ನೇನು, ನಂಗೆ ಸೂಜಿ ಚುಚ್ಚೋಕೆ ಮನೆ ಹುಡುಗೀನೇ ಬಂದ್ಲು ಬಿಡು" ಅಂದ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಅಂದ. ಹೌದು, ಆಸ್ಪತ್ರೆ. ಜೀವಕ್ಕೆ ಅಪಾಯವಿಲ್ಲ. ಕೂತುಕೊಂಡು ಓದು.

ನೀನು ಈ ಜಾಗ ನೋಡಿಲ್ಲ. ರಾಷ್ಟ್ರೀಯ ಉದ್ಯಾನದ ಒಳಗೆ, ಹೊಳೆಯ ದಂಡೆಗೆ ನಲವತ್ತು ಟೆಂಟುಗಳು. ಸುತ್ತಲೂ ಕರೆಂಟಿನ ಬೇಲಿ. ಬೇಲಿ ಮುಗಿದ ಮೇಲೆ, ಅದರ ಹೊರಗೆ, ಕೆಲಸದವರ ಐದು ತಗಡಿನ ಕೋಣೆಗಳು. ಬಂದವರೆಲ್ಲ "ಪ್ರಕೃತಿಯ ಮಡಿಲು, ಪ್ರಕೃತಿಯ ಮಡಿಲು" ಎಂದು ಕಣ್ಣರಳಿಸುತ್ತಾರೆ. ಆ ಮಡಿಲಿನಲ್ಲಿ ಬೇಲಿಯಿಲ್ಲದೆ ಮಲಗುವವರು ನಾವು ಮಾತ್ರ. ನಾನು ಶೌಚಾಲಯ ತೊಳೆದು ಹಾಸಿಗೆ ಬದಲಿಸುವವಳು, ನನ್ನ ಬೆನ್ನಿಗೆ ಹುಟ್ಟಿದ ನಿನ್ನ ಮಾವ ರಾತ್ರಿಯೆಲ್ಲ ಗೇಟು ಕಾದು ಹಗಲು ಮಲಗುವವನು.

ಇಲ್ಲಿ ಒಂದು ಕಾನೂನಿದೆ. ಸಂಜೆ ಐದರ ಮೇಲೆ ಟೆಂಟಿನಲ್ಲಿ ವಾಸನೆಯ ಸಾಮಾನು ಇರಕೂಡದು. ತಿಂಡಿಯಷ್ಟೇ ಅಂದುಕೋಬೇಡ, ಸೋಪು, ಪೇಸ್ಟು, ಮುಖದ ಕ್ರೀಮು, ಎಲ್ಲವೂ ಕಬ್ಬಿಣದ ಪೆಟ್ಟಿಗೆಗೆ. ಕರಡಿಯ ಮೂಗು ಅಂಥದ್ದು, ಮೈಲಿ ದೂರದಿಂದ ಹುಡುಕಿಕೊಂಡು ಬರುತ್ತದೆ. ಹಾಗಾಗಿ ಟೆಂಟಿನಿಂದ ಟೆಂಟಿಗೆ ಹೋಗಿ ದಿಂಬು, ಹೊದಿಕೆ ಮೂಸಿ ನೋಡಿ ಪಟ್ಟಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಕಾರ್ಮಿಕ ಸಂಘದ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದ ನಿನ್ನಮ್ಮ ಈಗ ಕಂಡವರ ದಿಂಬು ಮೂಸುತ್ತಾಳೆ. ನಗು, ಪರವಾಗಿಲ್ಲ.

ಆಗಸ್ಟಿನಲ್ಲಿ ಟೆಂಟಿನವರು ದೂರು ಕೊಟ್ಟರು: ಕಸದ ಗುಂಡಿ ನಾರುತ್ತದೆ, ಅದರ ಹತ್ತಿರ ಕರಡಿ ಕಂಡಿತು, ಮಕ್ಕಳು ಹೆದರಿದವು. ಎರಡೇ ದಿನದಲ್ಲಿ ಗುಂಡಿಯನ್ನು ನಮ್ಮ ಕೋಣೆಗಳ ಹಿಂಬದಿಗೆ ತಂದರು. ನಾನು ಮ್ಯಾನೇಜರನ ಎದುರು ನಿಂತೆ. ಅವನಿಗೆ ನಾವು 'ಮೆಲ್ಲಗೆ ಸಾಹೇಬ' ಅಂತ ಹೆಸರಿಟ್ಟಿದ್ದೇವೆ. ಯಾರು ಬಾಯಿ ತೆರೆದರೂ "ಮೆಲ್ಲಗೆ, ಗೆಸ್ಟಿಗೆ ಕೇಳ್ಸುತ್ತೆ" ಅನ್ನುವುದು ಅವನ ಚಾಳಿ.

"ಗುಂಡಿ ಅಲ್ಲಿಗೆ ಹೋದ್ರೆ ಕರಡೀನೂ ಅಲ್ಲಿಗೇ ಬರುತ್ತಲ್ಲ ಸಾರ್?"

"ಅದಕ್ಕೇ ಅಲ್ವೇನಮ್ಮ ಅಲ್ಲಿ ಹಾಕ್ಸಿದ್ದು?" ಅಂದ. ನಗಲೂ ಇಲ್ಲ, ನಾಚಲೂ ಇಲ್ಲ.

ಅಡುಗೆಯವಳು ಪಾತ್ರೆ ಕುಕ್ಕಿದಳು. "ಆ ಕಡೆ ಗೆಸ್ಟು, ಈ ಕಡೆ ಕರಡಿ. ಮಧ್ಯದಲ್ಲಿ ನಾವು, ನಂಚ್ಕೊಳ್ಳೋಕೆ!"

ನಕ್ಕೆವು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮೊದಲು ಗುಂಡಿಯ ಸುತ್ತ ಹೆಜ್ಜೆ ಗುರುತು ಕಂಡವು. ಆಮೇಲೆ ನಲ್ಲಿಯ ಹತ್ತಿರದ ತಗಡಿನ ಮೇಲೆ ಐದು ಉದ್ದ ಗೀರು, ನನ್ನ ಭುಜದ ಎತ್ತರಕ್ಕೆ. ಸೆಪ್ಟೆಂಬರಿನಲ್ಲಿ ಒಂದು ದಿನ, ಹಾಡಹಗಲು, ನಾನು ಬಟ್ಟೆ ಒಣಹಾಕುವ ಹಗ್ಗದ ಕೆಳಗೇ ಕರಡಿ ನಿಂತಿತ್ತು. ಅಡುಗೆಯವಳು ಬಾಣಲೆ ಬಡಿದಳು. ಓಡಲಿಲ್ಲ, ಪುಟ್ಟಿ. ಕತ್ತು ತಿರುಗಿಸಿ, ಗುರುತಿನವರನ್ನು ನೋಡುವಂತೆ ನೋಡಿ, ನಿಧಾನ ಹೋಯಿತು. ಅವತ್ತೇ ಕಾಗದ, ಪೆನ್ನು ಹಿಡಿದು ಕೂತೆ. ಗುಂಡಿ ಮುಚ್ಚಿ, ಇಲ್ಲವೆ ಬೇಲಿಯನ್ನು ನಮ್ಮ ಕೋಣೆಗಳ ಸುತ್ತಲೂ ಎಳೆಯಿರಿ ಎಂದು ಅರ್ಜಿ ಬರೆದು ಐದು ಕೋಣೆಯವರ ಸಹಿ ಹಾಕಿಸಿಕೊಟ್ಟೆ. ಸಾಹೇಬ ಮಡಚಿ ಡ್ರಾಯರಿಗೆ ಸೇರಿಸಿದ.

ಮೊನ್ನೆ ಬುಧವಾರ, ಬೆಳಿಗ್ಗೆ ಹತ್ತೂವರೆ. ನಾನು ಹನ್ನೆರಡನೇ ಟೆಂಟಿನಲ್ಲಿ ಹಾಸಿಗೆ ಬದಲಿಸುತ್ತಿದ್ದೆ. ತಗಡು ಹರಿಯುವ ಸದ್ದು, ಅದರ ಹಿಂದೆಯೇ ಅಡುಗೆಯವಳ ಕಿರುಚಾಟ. ಬಾಣಲೆ, ಕೋಲು ಏನು ಸಿಕ್ಕಿತೋ ಅದನ್ನು ಹಿಡಿದು ಓಡಿದೆವು. ಮಾವನ ಕೋಣೆಯ ಬಾಗಿಲು ನೆಲದ ಮೇಲಿತ್ತು. ನಮ್ಮ ಗಲಾಟೆಗೆ ಕರಡಿ ಹೊರಬಂದು ಗುಂಡಿಯ ಕಡೆಗೆ ನಡೆಯಿತು. ಒಳಗೆ ಅವನು ಗೋಡೆಗೆ ಒರಗಿ ಕೂತಿದ್ದ, ಬಲಗೈ ಭುಜದಿಂದ ಮೊಣಕೈವರೆಗೆ ಕೈಯ ಹಾಗಿರಲಿಲ್ಲ. ಮೊದಲನೇ ಕೋಣೆಯಲ್ಲಿ ಅಡುಗೆಯವಳ ಸಕ್ಕರೆ ಡಬ್ಬವಿತ್ತು. ಅದನ್ನು ಮುಟ್ಟದೆ, ನಾಲ್ಕು ಬಾಗಿಲು ದಾಟಿ, ನೇರ ಐದನೆಯದಕ್ಕೇ ಹೋಗಿತ್ತು.

ಟೆಂಟಿನವರಿಗೆ "ಮರ ಬಿದ್ದು ಪೆಟ್ಟಾಯ್ತು" ಅಂದರು. ಅವರು "ಪಾಪ" ಎಂದು, ಆಮೇಲೆ ಹೊಳೆಯ ಫೋಟೋ ತೆಗೆದುಕೊಳ್ಳಲು ಹೋದರು.

ಮರುದಿನವೇ ಸಾಹೇಬ ಕಾಗದ ಟೈಪು ಮಾಡಿಸಿ ತಂದ. ಕಾವಲುಗಾರ ಟೆಂಟಿನವರ ಆಹಾರ ಕದ್ದು ಕೋಣೆಯಲ್ಲಿ ಬಚ್ಚಿಟ್ಟಿದ್ದ, ಕರಡಿ ಅದಕ್ಕೇ ಬಂತು ಎಂದು. ಎರಡು, ಮೂರನೇ ಕೋಣೆಯವರು ಸಹಿ ಹಾಕಿದರು. ಅವರಿಗೂ ಮಕ್ಕಳಿದ್ದಾರೆ, ನಾನು ಬಯ್ಯಲಾರೆ.

"ನೀನೊಬ್ಬಳು ಹಾಕ್ಬಿಡಮ್ಮ. ಸ್ವಂತ ಅಕ್ಕನೇ ಒಪ್ಕೊಂಡ್ಲು ಅಂದ್ರೆ ಯಾರೂ ಮಾತಾಡಲ್ಲ."

"ನನ್ನ ತಮ್ಮ ಕಳ್ಳ ಅಂತ ನಾನೇ ಬರ್ಕೊಡ್ಲಾ?"

"ಮೆಲ್ಲಗೆ..."

"ಯಾಕ್ರೀ ಮೆಲ್ಲಗೆ? ಕೇಳ್ಲಿ! ನಲವತ್ತು ಟೆಂಟಿಗೂ ಕೇಳ್ಲಿ!" ಅಂದೆ. ಮೂರನೇ ಟೆಂಟಿನ ಜಿಪ್ಪು ಸರಕ್ಕೆಂದು ತೆರೆಯಿತು. ಅವನ ಮುಖ ಸುಣ್ಣವಾಯಿತು. ಅಷ್ಟರ ಮಟ್ಟಿಗೆ ನಿನ್ನಮ್ಮ ಇನ್ನೂ ಬದುಕಿದ್ದಾಳೆ.

ಸೋಮವಾರ ಹನ್ನೊಂದಕ್ಕೆ ಅರಣ್ಯ ಅಧಿಕಾರಿಯ ವಿಚಾರಣೆ. ಆ ಕಾಗದವೇ ನಿಜವೆಂದಾದರೆ ಮಾವನ ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು, ಗುಂಡಿ ಮಾತ್ರ ಇದ್ದಲ್ಲೇ ಇರುತ್ತದೆ. ಕರಡಿಯ ಮೇಲೆ ನನಗೆ ಸಿಟ್ಟಿಲ್ಲ. ಎಲೆ ಹಾಕಿ ಕರೆದವರು ಬೇರೆ, ಅವರ ಉಗುರು ಕಣ್ಣಿಗೆ ಕಾಣುವುದಿಲ್ಲ. ಇವತ್ತು ಬೆಳಿಗ್ಗೆಯೂ ಕರಡಿ ಬಂದಿತ್ತು. ಮುರಿದ ಬಾಗಿಲಿಗೆ ಕಟ್ಟಿದ ಟಾರ್ಪಾಲಿನ ಮುಂದೆ, ಒಳಗಿನವರು ಏಳಲಿ ಎಂದು ಕಾಯುವಂತೆ, ಬಹಳ ಹೊತ್ತು ಕೂತಿತ್ತು. ಪಕ್ಕದ ನಾಲ್ಕನೇ ಕೋಣೆ ನನ್ನದು. ನಾನಿದನ್ನು ಬರೆಯುವಾಗ ಅಡುಗೆಯವಳು ಬಾಣಲೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. "ಬೇಗ ಮುಗ್ಸೇ, ಮಹಾಕಾವ್ಯ ಬರೀತಿದೀಯಾ?" ಅನ್ನುತ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ಮುಟ್ಟಿದವರ ನೋವು ಇಳಿಯಲಿ. ಹಾಸಿಗೆ ಹಿಡಿದವರ ಮುಂದೆ ಬಿಟ್ಟು ಇನ್ಯಾರ ಮುಂದೆಯೂ ಬೆನ್ನು ಬಗ್ಗಿಸಬೇಡ. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಮೇಲೆ ಬರೆದದ್ದೆಲ್ಲ ನಿಜ. ಆದರೆ ಅದರಲ್ಲಿ ಒಂದು ಮಾತಿಲ್ಲ. ಹೋದ ಭಾನುವಾರ ಒಂದು ಟೆಂಟಿನವರು ರಗ್ಗಿನ ಮೇಲೆ ಜೇನುತುಪ್ಪದ ಬಾಟಲಿ ಚೆಲ್ಲಿದರು. ಐದು ಗಂಟೆಯೊಳಗೆ ಅದು ಬೇಲಿಯಿಂದಾಚೆ ಹೋಗಬೇಕಿತ್ತು. ಗುಂಡಿಗೆ ಎಸಿ ಅಂದ ಸಾಹೇಬ. ದಪ್ಪನೆಯ, ಹೊಚ್ಚಹೊಸ ರಗ್ಗು. ನಿನ್ನ ಮಾವ ತಗಡಿನ ಚಳಿಗೆ ಕೆಮ್ಮುತ್ತಿದ್ದ. ಎರಡು ಸಲ ಒಗೆದೆ. ದಿನವೂ ನಲವತ್ತು ಟೆಂಟು ಮೂಸುವ ಮೂಗಲ್ಲವೇ, ಮೂಸಿ ನೋಡಿದೆ. ಸೋಪಿನ ವಾಸನೆ ಬಿಟ್ಟು ಏನೂ ಸಿಗಲಿಲ್ಲ. ಅವನಿಗೆ ಹೊದಿಸಿದೆ. ಬುಧವಾರ ಅವನನ್ನು ಜೀಪಿಗೆ ಹತ್ತಿಸಿದ ಮೇಲೆ, ಸಾಹೇಬ ಕೋಣೆ ನೋಡಲು ಬರುವ ಮೊದಲು, ಆ ರಗ್ಗಿನ ಚೂರುಗಳನ್ನು ಆಯ್ದು ನೀರೊಲೆಗೆ ಹಾಕಿದವಳು ನಾನೇ.

ಸೋಮವಾರ ಇದನ್ನು ಹೇಳುತ್ತೇನೆ. ತಪ್ಪೆಲ್ಲ ಅವಳದೇ ಅಂತ ಸಾಹೇಬ ಕುಣಿಯುತ್ತಾನೆ, ಕುಣಿಯಲಿ. ಗುಂಡಿ ಯಾರದು ಅಂತ ಅಲ್ಲೇ ಕೇಳುತ್ತೇನೆ. ನಾನು ಹೆದರುತ್ತಿರುವುದು ಅದಕ್ಕಲ್ಲ. ನಿನ್ನೆ ಆಸ್ಪತ್ರೆಯಲ್ಲಿ ಮಾವ ನನ್ನ ಸೆರಗು ಎಡಗೈಯಲ್ಲಿ ಹಿಡಿದುಕೊಂಡು ಹೇಳಿದ: "ಅಕ್ಕಾ, ಯೋಚ್ನೆ ಮಾಡಿ ಮಾಡಿ ನಂಗೇ ಅನ್ಸುತ್ತೆ, ಜೇಬಲ್ಲಿ ಬಿಸ್ಕತ್ತು ಇಟ್ಕೊಂಡೇ ಮಲಗಿದ್ನೇನೋ. ನಿಮ್ಮನ್ನೆಲ್ಲ ಅಪಾಯಕ್ಕೆ ಹಾಕ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ."

ನಾನು ಅವನ ತಲೆ ಸವರಿ, "ಹೋಗ್ಲಿ ಬಿಡೋ" ಅಂದೆ. ಅವನನ್ನು ಕ್ಷಮಿಸಿ ಬಂದಿದ್ದೇನೆ, ಪುಟ್ಟಿ.