ಟೊಪ್ಪಿಯ ಮೇಲೆ ಮಲಗಿದ ಹಕ್ಕಿ

ಮಿರ್ದಿಫ್, ದುಬೈ

ಪ್ರೀತಿಯ ಪಪ್ಪಾ,

ಕೊಚ್ಚಿಯಿಂದ ಹೊರಟ ನಮ್ಮ ಹಾಯಿದೋಣಿ ನಿನ್ನೆ ದುಬೈ ಸೇರಿತು. ದಾರಿಯಲ್ಲಿ ಡಾಲ್ಫಿನ್‌ಗಳು ನಮ್ಮ ಜೊತೆ ರೇಸ್ ಓಡಿದವು ಪಪ್ಪಾ, ಎಷ್ಟು ಚಂದ ಗೊತ್ತಾ! ಮೊನ್ನೆ ನಡುಸಮುದ್ರದಿಂದ ಸ್ಯಾಟಲೈಟ್ ಫೋನಿನಲ್ಲಿ ಅಳುತ್ತಾ, ಊರಿಗೆ ಟಿಕೆಟ್ ಮಾಡಿ ಎಂದವಳೂ ನಾನೇ. ನಾನು ತಪ್ಪು ಹಗ್ಗ ಬಿಚ್ಚಿದ್ದಕ್ಕೆ ಸುಶಾನ್, "ನಿನ್ನನ್ನು ಕರ್ಕೊಂಡು ಬಂದದ್ದೇ ತಪ್ಪಾಯ್ತು ಮಾರಾಯ್ತಿ!" ಎಂದು ಕೂಗಾಡಿದ್ದರು. ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ!

ಫೋನ್ ಇಟ್ಟ ಮೇಲೆ, ದಣಿದ ಪುಟ್ಟ ಹಕ್ಕಿಯೊಂದು ಬಂದು, ಚುಕ್ಕಾಣಿ ಹಿಡಿದಿದ್ದ ಅವರ ಟೊಪ್ಪಿಯ ಮೇಲೆ ಕೂತು ನಿದ್ದೆಹೋಯಿತು. ಅದು ಎದ್ದು ಹಾರುವವರೆಗೂ, ಇಡೀ ಮಧ್ಯಾಹ್ನ, ಅವರು ತಲೆ ಅಲುಗಿಸಲಿಲ್ಲ. "ನಂಗೆ ಮೆಲ್ಲ ನೀರು ಕುಡಿಸ್ತೀಯಾ?" ಎಂದು ಪಿಸುಗುಟ್ಟಿದರು. ಕೋಪ ಇಳಿದಿರಲಿಲ್ಲ, ಆದರೂ ಕುಡಿಸಿದೆ.

ಅಷ್ಟು ಕೂಗಾಡಿದವರೇ ಹೀಗೂ ಕೂರುತ್ತಾರೆಂದರೆ ನಾನು ಏನು ತಿಳಿದುಕೊಳ್ಳಬೇಕು ಪಪ್ಪಾ? ಟಿಕೆಟ್ ಕ್ಯಾನ್ಸಲ್ ಮಾಡಬೇಡಿ, ತಾರೀಕು ಮಾತ್ರ ಸ್ವಲ್ಪ ಮುಂದೆ ಹಾಕಿ. ಮತ್ತೆ, ಕುತ್ತಿಗೆ ಹಿಡಿದುಕೊಂಡರೆ ಅಮ್ಮ ಯಾವ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆಂದು ಕೇಳಿ, ಬೇಗ ತಿಳಿಸಿ. ಅವರಿಗೆ ಇನ್ನೂ ತಲೆ ತಿರುಗಿಸಲು ಆಗುತ್ತಿಲ್ಲ.

ನಿಮ್ಮ ಮುದ್ದಿನ ಮಗಳು,
ಅನ್ವಿತಾ