ಲಿಫ್ಟಿನ ಬಾಗಿಲು ಮತ್ತು ನಿಮ್ಮ ಎಣಿಕೆಗೆ ಸಿಗದ ನನ್ನ ಹೆಂಡತಿ

ಮಾನವ ವರ್ತನೆಯ ಅಧ್ಯಯನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿಲ್ಲ. ಅದನ್ನು ನೀವು ಬುದ್ಧಿಪೂರ್ವಕವಾಗಿ ನಿಧಾನಗೊಳಿಸಿದ್ದೀರಿ. ಅದರ ಫಲವಾಗಿ ನಾಲ್ಕನೆಯ ಮಹಡಿಯಲ್ಲಿರುವ ನನ್ನ ಹೆಂಡತಿ ಮನೆಯಿಂದ ಹೊರಬೀಳಲಾರದೆ ಕೂತಿದ್ದಾಳೆ. ದೂರು ಇಷ್ಟೇ. ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡಬೇಕೆಂದು ವೃತ್ತಿಯುದ್ದಕ್ಕೂ ಮಕ್ಕಳ ಪ್ರಬಂಧ ತಿದ್ದಿದವನು ನಾನು. ಈಗ ನಾನೇ ತಪ್ಪಬಾರದಲ್ಲವೇ?

ಉಪದೇಶದಿಂದ ಮನುಷ್ಯ ಬದಲಾಗುವುದಿಲ್ಲ, ಅವನ ಸುತ್ತಲಿನ ಅನುಕೂಲಗಳನ್ನು ಕೊಂಚ ಅತ್ತಿತ್ತ ಸರಿಸಿದರೆ ತಾನಾಗಿಯೇ ಬದಲಾಗುತ್ತಾನೆ ಎಂಬುದು ಈಚಿನ ಮನೋವಿಜ್ಞಾನದ ಒಂದು ವಿಚಾರ. ಕೆಟ್ಟ ವಿಚಾರವೇನಲ್ಲ. ಕಿಟಕಿಯ ಪಕ್ಕ ಕನಸು ಕಾಣುತ್ತಿದ್ದವರನ್ನು ಮುಂದಿನ ಬೆಂಚಿಗೆ ಕರೆಸಿದಾಗ ನಾನು ಮಾಡಿದ್ದೂ ಅದನ್ನೇ. ಅದನ್ನು ಪರೀಕ್ಷಿಸಲು ನೀವು ನಮ್ಮ ಕಟ್ಟಡವನ್ನು ಆರಿಸಿಕೊಂಡಿರಿ. ಒಪ್ಪಿಗೆ ಕೊಟ್ಟವರು ಕಟ್ಟಡದ ಮಾಲೀಕರು, ಅವರು ವಾಸವಿರುವುದು ಬೇರೆಡೆ. ಜನ ಲಿಫ್ಟ್ ಬಿಟ್ಟು ಹತ್ತಲೆಂದು ಮೆಟ್ಟಿಲುಗಳ ಮೇಲೆ ಹಸಿರು ಹೆಜ್ಜೆಗುರುತುಗಳು ಮೂಡಿದವು. ಲಿಫ್ಟಿನ ಬಾಗಿಲು ಮಹಡಿ ತಲುಪಿದ ಮೇಲೂ ಬಹಳ ಹೊತ್ತು ಯೋಚಿಸಿ ತೆರೆದುಕೊಳ್ಳತೊಡಗಿತು. ಅದರ ಮುಂದಿದ್ದ ಕುರ್ಚಿಯನ್ನು ತೆಗೆಸಿದಿರಿ. ಕಾಯುವುದು ಹಿತವಾದರೆ ಜನ ಮೆಟ್ಟಿಲು ತುಳಿಯುವುದಿಲ್ಲವಂತೆ. ಮೆಟ್ಟಿಲ ಬಳಿಯೂ ಲಿಫ್ಟಿನ ಬಳಿಯೂ, ಹೋಗಿಬರುವವರನ್ನು ಎಣಿಸುವ ಪುಟ್ಟ ಯಂತ್ರಗಳು ಬಂದು ಕೂತವು.

ನನ್ನ ಹೆಂಡತಿಯ ಮಂಡಿಗಳು ಸವೆದಿವೆ. ಮೆಟ್ಟಿಲು ಅವಳಿಂದಾಗದ ಮಾತು. ನಿಂತು ಕಾಯುವುದೂ ಕಷ್ಟವೇ. ಆದರೂ ಪ್ರತಿ ಸಂಜೆ ಲಿಫ್ಟಿನಲ್ಲಿ ಇಳಿಯುತ್ತಿದ್ದಳು. ನಮ್ಮ ಕಿಟಕಿಯ ಕೆಳಗಿನ ಬೀದಿಯಾಚೆ ಅವಳ ತಂಗಿಯದು ಗುಂಡಿ, ದಾರಗಳ ಅಂಗಡಿ. ಅಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬಣ್ಣ, ಗಾತ್ರ, ತೂತುಗಳ ಪ್ರಕಾರ ಡಬ್ಬಿಗೆ ತುಂಬುವುದು, ಬಂದ ಗಿರಾಕಿಯ ಅಂಗಿಯ ಜೊತೆಗೆ ಸಂಸಾರವನ್ನೂ ವಿಮರ್ಶಿಸುವುದು, ಇದೇ ಅವಳ ದಿನದ ಸಾರ. ನಿಮ್ಮ ಪ್ರಯೋಗದ ಆರಂಭದಲ್ಲೇ ಒಂದು ಸಂಜೆ ಲಿಫ್ಟ್ ಕೆಳಗೆ ತಲುಪಿ ನಿಂತಿತು. ಒಳಗೆ ಅವಳೊಬ್ಬಳೇ. ಬಾಗಿಲು ತೆರೆಯಲಿಲ್ಲ. ನಿಮ್ಮ ಭಾಷೆಯಲ್ಲಿ ಅದು ನಿಗದಿತ ವಿಳಂಬ. ಅವಳಿಗೆ ಅದು ಉಸಿರು ಕಟ್ಟಿದ ಗಳಿಗೆ. ಕೊನೆಗೆ ತೆರೆದಾಗ ಅವಳು ಚಪ್ಪಲಿಯಿಂದ ಬಾಗಿಲು ಬಡಿಯುತ್ತಿದ್ದಳು. ಮತ್ತೆ ಲಿಫ್ಟ್ ಹತ್ತಲು ಒಪ್ಪಲಿಲ್ಲ. ಕಟ್ಟಡದ ಮೇಲ್ವಿಚಾರಕರೂ ಪಕ್ಕದ ಮನೆಯ ಬಡಗಿಯೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ತಂದರು. ಹಿಂದೆ ಚಪ್ಪಲಿ ಹಿಡಿದು ನಾನು. ನಿಮ್ಮ ಯಂತ್ರ ಅದನ್ನು ಹೇಗೆ ಎಣಿಸಿತೋ, ಮೆಟ್ಟಿಲಿಗೆ ಒಲಿದು ಬಂದ ಮೆರವಣಿಗೆ ಎಂದುಕೊಂಡಿರಬೇಕು.

"ಇನ್ನು ಆ ಡಬ್ಬಿಯೊಳಗೆ ಕಾಲಿಡಲ್ಲ ಕಣ್ರೀ," ಎಂದಳು.

"ನಾನೂ ಜೊತೆಗೆ ಬರ್ತೀನಲ್ಲ."

"ನೀವು ಬಂದ್ರೆ ಬಾಗಿಲು ಬೇಗ ತೆಗೆಯುತ್ತಾ? ಒಳಗೆ ನಿಮ್ಮ ಪಾಠ ಬೇರೆ ಕೇಳ್ಬೇಕು!"

ದೂರು ಬರೆದೆ. ನಿಮ್ಮ ವಿಭಾಗದಿಂದ ವಿನಯವಂತ ಯುವತಿಯೊಬ್ಬರು ಬಂದರು. "ತಾತ, ಶುರುನಲ್ಲಿ ಎಲ್ಲರಿಗೂ ಹೀಗೇ ಅನ್ಸುತ್ತೆ," ಎಂದು ಸಮಾಧಾನ ಹೇಳಿದರು.

ಒಳಗಿನಿಂದ ನನ್ನ ಹೆಂಡತಿ ಕೇಳಿದಳು: "ಅಭ್ಯಾಸ ಆದ್ಮೇಲೆ ಏನನ್ಸುತ್ತೆ ಮಗೂ?"

"ಏನೂ ಅನ್ಸಲ್ಲ ಅಜ್ಜಿ."

"ಅದೇ ನನಗೆ ಭಯ."

ಆ ಯುವತಿ ಬರೆದುಕೊಳ್ಳುತ್ತಿದ್ದ ಪೆನ್ನನ್ನು ಒಂದು ಕ್ಷಣ ನಿಲ್ಲಿಸಿದರು. ನಿಮಗೆ ತಲುಪಿದ ವರದಿಯಲ್ಲಿ ಆ ಕ್ಷಣ ಇರಲಾರದು.

ಬಳಿಕ ನಿಮ್ಮ ಲಿಖಿತ ಉತ್ತರ ಬಂತು. ನನ್ನ ದೂರು "ನಿರೀಕ್ಷಿತ ಆರಂಭಿಕ ಪ್ರತಿರೋಧ"ವಂತೆ. ಪ್ರಯೋಗ ಪರಿಣಾಮ ಬೀರುತ್ತಿರುವುದರ ಲಕ್ಷಣವಂತೆ. ಎರಡನೆಯ ದೂರಿಗೂ ಅದೇ ಉತ್ತರ. ಬೇಸತ್ತು ಸುಮ್ಮನಾದೆ. ಆಗ ಸೂಚನಾ ಫಲಕದಲ್ಲಿ ನಿಮ್ಮ ಪ್ರಕಟಣೆ ಕಾಣಿಸಿತು: ದೂರುಗಳು ನಿಂತಿವೆ, ನಿವಾಸಿಗಳು ಹೊಂದಿಕೊಂಡಿದ್ದಾರೆ. ಕೂಗಿದರೆ ಪ್ರತಿರೋಧ, ಬಾಯಿ ಮುಚ್ಚಿದರೆ ಹೊಂದಾಣಿಕೆ! ಮಾನ್ಯರೇ, ನಾನು ತಪ್ಪೆಂದು ಬರೆದರೂ ಸರಿಯೆಂದು ಬರೆದರೂ ನಿಮಗೇ ಅಂಕ ಬೀಳುವ ಈ ಪ್ರಶ್ನೆಪತ್ರಿಕೆಯನ್ನು ರಚಿಸಿದವರು ಯಾರು? ಬೇರೆ ಮನೆ ನೋಡಿಕೊಳ್ಳಿ ಎನ್ನುತ್ತೀರೋ? ಅದಕ್ಕೂ ಅವಳು ಮೊದಲು ಕೆಳಗಿಳಿಯಬೇಕಲ್ಲ!

ಅದೇ ಪ್ರಕಟಣೆಯಲ್ಲಿ ನಿಮ್ಮ ವಿಜಯವಾರ್ತೆಯೂ ಇತ್ತು. ಲಿಫ್ಟ್ ಬಳಸುವವರು ಕಡಿಮೆಯಾಗಿದ್ದಾರೆ, ಮೆಟ್ಟಿಲು ತುಳಿಯುವವರು ಹೆಚ್ಚಿದ್ದಾರೆ, ಎಲ್ಲವೂ "ಸ್ವಂತ ಆಯ್ಕೆಯಿಂದ". ಇದನ್ನು ಓದುತ್ತ ನಿಂತಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಅವಳ ಔಷಧಿ, ಇನ್ನೊಂದರಲ್ಲಿ ತಂಗಿ ಕಳಿಸಿದ ಹಣ್ಣು. ಅವಳು ಇಳಿಯುತ್ತಿದ್ದ ಕಾಲದಲ್ಲಿ ಇವನ್ನು ತಾನೇ ತರುತ್ತಿದ್ದಳು. ಈಗ ಪ್ರತಿಯೊಂದಕ್ಕೂ ನಾನು ಓಡಾಡುತ್ತೇನೆ. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲನ್ನೇ ತುಳಿಯುತ್ತೇನೆ. ಅಂದರೆ ಅವಳು ಮನೆಯಲ್ಲಿ ಸಿಕ್ಕಿಬಿದ್ದದ್ದರಿಂದ ಲಿಫ್ಟಿನ ಎಣಿಕೆ ಇಳಿಯಿತು. ಅವಳ ಬದಲಿಗೆ ನಾನು ಓಡಾಡಿದ್ದರಿಂದ ಮೆಟ್ಟಿಲಿನ ಎಣಿಕೆ ಏರಿತು. ಒಂದೇ ಮನೆಯ ಸಂಕಟ ಎರಡು ಸಲ ನಿಮ್ಮ ಯಶಸ್ಸಾಯಿತು. ಹೊರಗೇ ಬಾರದವರನ್ನು ಎಣಿಸುವ ಯಂತ್ರ ನಿಮ್ಮಲ್ಲಿದೆಯೇ?

ಮೊದಮೊದಲು ತಂಗಿ ಅಂಗಡಿಯಿಂದ ಫೋನು ಮಾಡುತ್ತಿದ್ದಳು. "ಅಕ್ಕಾ, ಆ ನಸುಗೆಂಪು ಗುಂಡಿ ಎಲ್ಲಿಟ್ಟಿದ್ದೀಯೇ?"

"ಎಡಗಡೆ ಬಿಸ್ಕತ್ತಿನ ಡಬ್ಬಿ ಕಣೇ. ಎಲ್ಲಿ, ಅಲ್ಲಾಡಿಸು, ಕೇಳ್ತೀನಿ. ಥೂ, ಅದು ಕೋಟಿನ ಗುಂಡಿ! ಅದರ ಪಕ್ಕದ್ದು."

ಈಚೆಗೆ ಫೋನು ಬರುವುದು ಕಡಿಮೆಯಾಗಿದೆ. ಡಬ್ಬಿಗಳಿಗೆ ತಂಗಿ ಚೀಟಿ ಅಂಟಿಸಿಕೊಂಡಿದ್ದಾಳೆ. ಅವಳದೇನು ತಪ್ಪು? ಅಂಗಡಿ ನಡೆಯಬೇಕು. ಆದರೆ ಸಂಜೆಯಾದರೆ ನನ್ನ ಹೆಂಡತಿ ಸೀರೆ ಬದಲಿಸಿ, ತಲೆ ಬಾಚಿಕೊಂಡು, ಹೊರಡುವವಳಂತೆ ಕಿಟಕಿಯ ಬಳಿ ಕೂರುತ್ತಾಳೆ. ಬೀದಿ ದಾಟುವವರ ಅಂಗಿಗಳನ್ನು ಮೇಲಿನಿಂದ ನೋಡುತ್ತಾಳೆ. ಮೊನ್ನೆ ಮೊದಲ ಬಾರಿಗೆ ಸೀರೆ ಬದಲಿಸಲಿಲ್ಲ. ಏಕೆಂದು ಕೇಳಿದೆ. "ಎಲ್ಲಿಗೆ ಹೋಗ್ಬೇಕು, ಬಿಡಿ," ಎಂದಳು. ಇದನ್ನೇನಾ ನೀವು ಹೊಂದಿಕೊಳ್ಳುವುದು ಎನ್ನುವುದು?

ನನ್ನ ಬೇಡಿಕೆ ದೊಡ್ಡದೇನಲ್ಲ. ಲಿಫ್ಟಿನ ಬಾಗಿಲಿಗೆ ಅದರ ಹಳೆಯ ವೇಗವನ್ನು ಮರಳಿಸಿ. ಕುರ್ಚಿಯನ್ನು ಅದರ ಜಾಗದಲ್ಲಿಡಿ. ನಿಮ್ಮ ಫಲಿತಾಂಶವನ್ನು ಲೋಕಕ್ಕೆ ಸಾರುವ ಮುನ್ನ, ಮುಚ್ಚಿದ ಬಾಗಿಲುಗಳನ್ನೆಲ್ಲ ತಟ್ಟಿ ಒಳಗೆ ಯಾರಿದ್ದಾರೆಂದು ಕೇಳಿ. ನಮ್ಮ ಬಾಗಿಲಿಗೆ ನೀವೇ ಬನ್ನಿ, ಲಿಫ್ಟಿನಲ್ಲಿ, ಒಬ್ಬರೇ.

ಇದನ್ನು ಬರೆದು ಮಡಿಸಿ, ಈ ಸಲ ಊರೆಲ್ಲ ಓದಲೆಂದು ಪತ್ರಿಕೆಯ ಕಚೇರಿಗೆ ತಲುಪಿಸಲು ಚಪ್ಪಲಿ ಮೆಟ್ಟಿದೆ. ಹೆಂಡತಿ ನಕ್ಕಳು, ಬಹಳ ದಿನಗಳ ಮೇಲೆ. "ಹೋಗಿ, ಹೋಗಿ! ಬೈದು ಬರೆದ ಕಾಗದ ಹಿಡ್ಕೊಂಡು ಅವರ ಮೆಟ್ಟಿಲನ್ನೇ ತುಳೀರಿ. ಅದೂ ಅವರ ಲೆಕ್ಕಕ್ಕೇ ಹೋಗುತ್ತೆ."

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವಳು ಮಾತ್ರ ಎದ್ದು ಹೊಲಿಗೆ ಡಬ್ಬಿಯಿಂದ ಗಟ್ಟಿ ದಾರದ ಉಂಡೆ ತೆಗೆದಳು. ಪತ್ರವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಗಾಳಿಗೆ ಹಾರದಂತೆ ಒಂದು ಹಿಡಿ ಗುಂಡಿ ಸುರಿದಳು. ಪತ್ರಿಕೆಗೆ ಮುಟ್ಟಿಸೆಂದು ಕಿಟಕಿಯಿಂದ ತಂಗಿಯನ್ನು ಕೂಗಿ ಕರೆದಳು. ದಾರಕ್ಕೆ ಕಟ್ಟಿದ ಚೀಲ ಇಳಿಯಿತು. ಕೆಳಗೆ ತಂಗಿ ಅದನ್ನು ಹಿಡಿದು, ಕಿವಿಯ ಬಳಿ ಅಲ್ಲಾಡಿಸಿ, "ಕೋಟಿನ ಗುಂಡಿ ಅಲ್ವೇನೇ ಅಕ್ಕಾ?" ಎಂದು ಕೂಗಿದಳು.

ಹೀಗೆ ಈ ಪತ್ರ ಮೆಟ್ಟಿಲಿನಲ್ಲೂ ಇಳಿದಿಲ್ಲ, ಲಿಫ್ಟಿನಲ್ಲೂ ಇಳಿದಿಲ್ಲ. ಆಮೇಲೆ ಬರೆದ ಈ ಕೊನೆಯ ಹಾಳೆಯೂ ಅದೇ ದಾರದಲ್ಲಿ ಇಳಿಯಲಿದೆ. ದಾರದ ಇನ್ನೊಂದು ತುದಿ ಅವಳ ಕೈಯಲ್ಲೇ ಉಳಿದಿದೆ. ಕಿಟಕಿಯಿಂದ ಇಳಿದದ್ದನ್ನು ನಿಮ್ಮ ಪಟ್ಟಿಯಲ್ಲಿ ಎಲ್ಲಿ ಸೇರಿಸುತ್ತೀರಿ, ತಿಳಿಸುವ ಕೃಪೆ ಮಾಡಿ.

ಇಂತಿ,
ಮೆಟ್ಟಿಲಿನ ಎಣಿಕೆಗೆ ಪದೇ ಪದೇ ಸೇರಿದ ನಿವೃತ್ತ ಉಪಾಧ್ಯಾಯ,
ಯಾವ ಎಣಿಕೆಗೂ ಸೇರದವಳ ಗಂಡ